ಅಜ್ಜಿಯ ಕಿವಿ ಮತ್ತು ಜಪಾನಿನ ಡಬ್ಬ

ನಮ್ಮ ಮನೆಯಿಂದ ಯಾವ ಆಟಿಕೆಯೂ ಅಜ್ಜಿಯ ಕಿವಿ ದಾಟದೆ ಹೊರಗೆ ಹೋಗುತ್ತಿರಲಿಲ್ಲ. ಅಪ್ಪ ಲೇತಿನಲ್ಲಿ ತಿರುವಿ, ಅರಗಿನ ಬಣ್ಣ ಹಾಕಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಗಾಡಿ, ಕುದುರೆ, ತಲೆಯಾಡಿಸುವ ಗೊಂಬೆಗಳೆಲ್ಲ ಒಂದು ಬಿದಿರು ಬುಟ್ಟಿಯಲ್ಲಿ ಜಗಲಿಗೆ ಬರುತ್ತಿದ್ದವು. ಅಜ್ಜಿ ಒಂದೊಂದನ್ನೇ ಎತ್ತಿ ಬಲಗಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುವಳು. ಸದ್ದು ಬರದಿದ್ದರೆ ಬಲಕ್ಕೆ, ಬಂದರೆ ಎಡಕ್ಕೆ. ಎಡಕ್ಕೆ ಬಿತ್ತು ಎಂದರೆ ಒಳಗಿನ ಗೂಟ ಸಡಿಲವಾಗಿದೆ, ಇಲ್ಲವೇ ಮರ ಸೀಳಿದೆ ಎಂದು ಲೆಕ್ಕ. ಗಿಲಕಿಯೊಂದನ್ನು ಬಿಟ್ಟರೆ ಚೆನ್ನಪಟ್ಟಣದ ಯಾವ ಆಟಿಕೆಗೂ ಅಲ್ಲಾಡಿಸಿದಾಗ ಸದ್ದು ಮಾಡುವ ಹಕ್ಕಿರಲಿಲ್ಲ. ಮಾಡಿದವನು ತನ್ನ ಕೆಲಸವನ್ನು ತಾನೇ ಕೇಳಿ ನೋಡಬಾರದು, ಬೇರೆಯವರ ಕಿವಿಗೆ ಕೊಡಬೇಕು ಎನ್ನುವುದು ನಮ್ಮ ಬೀದಿಯ ಕಟ್ಟಳೆ. ಹೆತ್ತವರಿಗೆ ಹೆಗ್ಗಣ ಮುದ್ದು ತಾನೆ? ಅಪ್ಪ ಹೆತ್ತದ್ದನ್ನೆಲ್ಲ ಅಜ್ಜಿ ಕೇಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು, ಆದರೆ ಆ ಕಿವಿ ತಪ್ಪಿದ್ದನ್ನು ಯಾರೂ ಕಂಡವರಿರಲಿಲ್ಲ. ಇಷ್ಟು ಹೇಳಿದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ಮನೆ ಎಂದರೆ ಒಂದರ ಹಿಂದೆ ಒಂದು ಮೂರು ಕೋಣೆ. ಬೀದಿ ಕಡೆಯದರಲ್ಲಿ ಲೇತು, ನಡುವಿನದರಲ್ಲಿ ನಾವು, ಹಿಂದಿನದರಲ್ಲಿ ಒಲೆ. ಲೇತು ತಿರುಗಿದಾಗ ನಡುಮನೆಯ ಬಲ್ಬು ಮಂಕಾಗುತ್ತಿತ್ತು, ನಿಂತಾಗ ಬೆಳಗುತ್ತಿತ್ತು. ಅಪ್ಪನ ಕೆಲಸ ಎಷ್ಟಾಯಿತು ಎಂದು ಅಮ್ಮ ಬಲ್ಬು ನೋಡಿಯೇ ಹೇಳುವಳು. ಆಟಿಕೆ ತಿರುವುವ ಆಲೆ ಮರದ ಬಿಳಿ ಹೊಟ್ಟು ಎಲ್ಲೆಲ್ಲೂ ಇರುತ್ತಿತ್ತು. ಹಾಸಿಗೆಯಲ್ಲಿ, ಜಡೆಯಲ್ಲಿ, ಉಪ್ಪಿನ ಮರಿಗೆಯಲ್ಲಿ. ಮುದ್ದೆಯ ಮೇಲೆ ಕೂತ ಹೊಟ್ಟನ್ನು ಊದಿ ಉಣ್ಣುವುದು ನಮಗೆ ಕೈ ತೊಳೆದಷ್ಟೇ ಸಹಜ. ಶಾಲೆಯ ಗೆಳತಿಯ ಮನೆಗೆ ಊಟಕ್ಕೆ ಹೋದಾಗಲೂ ನಾನು ಊದಿಯೇ ಉಂಡೆನಂತೆ, ಅವಳ ತಾಯಿಗೆ ಬೇಜಾರಾಗಿತ್ತು. ಎರಡು ಮನೆ ಆಚೆಯ ರಹಮತ್ ಚಾಚಾ ಅಪ್ಪನ ಜೊತೆಗಾರರು. ಅರಗು ಕಾಯಿಸಿ ಬಣ್ಣ ಬೆರೆಸಿ ಕಡ್ಡಿ ಎಳೆಯುವುದು ಅವರ ಕೆಲಸ, ಆ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಬಣ್ಣ ಹತ್ತಿಸುವುದು ಅಪ್ಪನದು. ಲೇತಿನ ಮುಂದೆ ಹೆಂಗಸರು ಕೂರುವಂತಿರಲಿಲ್ಲ. ಚುಕ್ಕಿ ಇಡುವುದು, ದಾರ ಪೋಣಿಸುವುದು, ಕಾಗದ ಸುತ್ತುವುದು ನಮ್ಮ ಪಾಲು.

ನಾವು ಮೂವರು ಹುಡುಗಿಯರು. ದೊಡ್ಡವಳು ಜಯಕ್ಕ, ನಡುವಿನವಳು ರತ್ನಕ್ಕ, ಕೊನೆಯವಳು ನಾನು. ನನ್ನ ಹೆಸರು ಸಾಕಮ್ಮ. ಹೆಣ್ಣು ಇಷ್ಟಕ್ಕೇ ಸಾಕು, ಮುಂದಿನದಾದರೂ ಗಂಡಾಗಲಿ ಎಂದು ದೇವರಿಗೆ ತಿಳಿಸಲು ನಮ್ಮ ಕಡೆ ಇಡುತ್ತಿದ್ದ ಹೆಸರು ಅದು. ಅಂದರೆ ನಾನು ಹುಟ್ಟಿದ ಹನ್ನೊಂದನೆಯ ದಿನವೇ ನನ್ನನ್ನು ಒಂದು ಅರ್ಜಿಯಾಗಿ ಬರೆದು ಮೇಲಕ್ಕೆ ಕಳಿಸಿದ್ದರು. ಉತ್ತರ ಬರಲಿಲ್ಲ. ಅದಕ್ಕೆ ನನಗೇನೂ ದುಃಖವಿರಲಿಲ್ಲ, ಕೋಪವಿತ್ತು. ಕೋಪ ಬಂದರೆ ನಾನು ಅಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದೆ. ಮನೆಯಲ್ಲಿ ಅದಕ್ಕಿಂತ ಅತ್ತರೇ ವಾಸಿ ಅನ್ನುತ್ತಿದ್ದರು.

ನಡುಮನೆಯ ಗಾಜಿನ ಬೀರುವಿನಲ್ಲಿ, ಅಮ್ಮನ ಧಾರೆ ಸೀರೆಯ ಮೇಲೆ, ಆ ಡಬ್ಬ ಇತ್ತು. ಅಮ್ಮನ ತಮ್ಮ ಬೊಂಬಾಯಿಯಲ್ಲಿ ಸರಕು ಹಡಗಿಗೆ ಸೇರಿದ್ದ. ಅಮ್ಮ ಮೊದಲ ಸಲ ಬಸುರಾದಾಗ ಆ ಮಾವ ಜಪಾನಿನಿಂದ ಅದನ್ನು ತಂದು, ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ರೈಲಿಳಿದು ನೇರ ಮನೆಗೆ ಬಂದು ಕೊಟ್ಟನಂತೆ. ‘ಅಳಿಯ ಹುಟ್ಟಿದ್ರೆ ಅವನ ಕೈಗೆ ಕೊಡು ಅಕ್ಕ’ ಅಂದು ಮಾರನೆಯ ದಿನವೇ ಹೊರಟನಂತೆ. ಡಬ್ಬದ ಮೇಲೆ ಹೊಗೆ ಬಿಡುತ್ತ ಬರುವ ಹಸಿರು ರೈಲು ಎಂಜಿನ್ನಿನ ಚಿತ್ರ, ಕೆಂಪು ಗಾಲಿಗಳು, ಕೋಳಿ ಕೆದಕಿದಂಥ ಅಕ್ಷರಗಳು. ಇಡೀ ಡಬ್ಬಕ್ಕೆ ಗಾಜಿನಂಥ ಕಾಗದವನ್ನು ಬಿಗಿಯಾಗಿ ಸುತ್ತಿ ಅಂಟಿಸಿದ್ದರು. ಅದನ್ನು ಹರಿಯದೆ ತೆರೆಯುವಂತಿರಲಿಲ್ಲ.

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬ ಯುವಕ ನನ್ನ ಕೆಲಸದ ಶೆಡ್ಡಿಗೆ ಬಂದಿದ್ದ. ಹಳೆಯ ಆಟಿಕೆಗಳನ್ನು ಕೂಡಿಡುವ ಹುಚ್ಚು ಅವನಿಗೆ. ನನ್ನ ಕಪಾಟಿನಲ್ಲಿ ಆ ಖಾಲಿ ಡಬ್ಬ ನೋಡಿ ಎರಡೂ ಕೈಯಲ್ಲಿ ಎತ್ತಿಕೊಂಡು, ‘ಆಂಟಿ, ಇದರ ಸೀಲ್ ಒಡೆದವರು ಯಾರು?’ ಎಂದ, ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ. ಒಡೆಯದೆ ಉಳಿದಿರುವಂಥದ್ದು ಇಡೀ ದೇಶದಲ್ಲಿ ಒಂದೋ ಎರಡೋ ಇರಬಹುದಂತೆ. ಕೂರಪ್ಪಾ ಎಂದು ಕಾಫಿ ಕೊಟ್ಟು ಅವನಿಗೆ ಹೇಳಿದ್ದನ್ನೇ ಇಲ್ಲಿ ಒಸಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಡಬ್ಬ ಬಂದ ದಿನ ಅದನ್ನು ಯಾರೂ ಅಲ್ಲಾಡಿಸಲಿಲ್ಲ. ಉಡುಗೊರೆಯನ್ನು ಕಿವಿಗೆ ಹಿಡಿದು ನೋಡುವುದುಂಟೇ? ಹುಟ್ಟಿದ್ದು ಜಯಕ್ಕ, ಡಬ್ಬ ಬೀರು ಸೇರಿತು. ಜಯಕ್ಕನಿಗೆ ನಾಲ್ಕು ತುಂಬಿದಾಗ ಅಮ್ಮ ಮತ್ತೆ ಬಸುರಿ. ಒಂದು ಮಧ್ಯಾಹ್ನ ಬೀರುವಿನ ಬಾಗಿಲು ತೆರೆದಿತ್ತು, ಜಯಕ್ಕ ರಾಗಿ ಡಬ್ಬದ ಮೇಲೆ ಹತ್ತಿ ಅದನ್ನು ಇಳಿಸಿಕೊಂಡಳು. ಆ ಮನೆಯ ಮಗು ಇನ್ನೇನು ಮಾಡೀತು, ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿತು. ಒಳಗೆ ಗಲಗಲ ಸದ್ದು. ಜಗಲಿಯಲ್ಲಿದ್ದ ಅಜ್ಜಿಗೆ ಕೇಳಿಸಿತು.

‘ಮುರಿದಾಕ್ಬುಟ್ಟಳಲ್ಲಪ್ಪೋ! ಎತ್ತಾಕಿದ್ಯಾ ಅದನ್ನ? ಬರೋ ತಮ್ಮನ ಗೊಂಬೆ ಮುರಿದ್ಬುಟ್ಯಲ್ಲೇ!’

ಅಪ್ಪ ಲೇತು ನಿಲ್ಲಿಸಿ ಬಂದು ತಾನೂ ಕಿವಿಗೆ ಹಿಡಿದ. ಅವನ ಮುಖ ಸಪ್ಪಗಾಯಿತಂತೆ. ಅಂಥ ಸದ್ದು ಮಾಡುವ ಆಟಿಕೆಯನ್ನು ಅವನು ದಿನವೂ ಎಡಗಡೆಯ ರಾಶಿಯಿಂದ ಎತ್ತಿಕೊಳ್ಳುತ್ತಿದ್ದವನು. ಕೆಲವು ತಿಂಗಳಿಗೆ ರತ್ನಕ್ಕ ಹುಟ್ಟಿದಳು. ಬಾಣಂತಿ ಕೋಣೆಯ ಬಾಗಿಲಲ್ಲಿ ಅಜ್ಜಿ, ‘ಗೊಂಬೆ ಮುರ್ದ್ರು ಅಂತ ಮುನಿಸ್ಕೊಂಡು ಅವನು ಬರ್ಲೇ ಇಲ್ಲ’ ಎಂದು ಯಾರಿಗೋ ಹೇಳಿದ್ದು ಜಯಕ್ಕನ ಕಿವಿಗೆ ಬಿತ್ತು. ಅಜ್ಜಿ ಕೆಟ್ಟವಳಲ್ಲ. ನಾಲಿಗೆಗೆ ಬಂದದ್ದನ್ನು ಅಂದು ಮರೆತಿರಬೇಕು. ಜಯಕ್ಕ ಮರೆಯಲಿಲ್ಲ. ಡಬ್ಬ ಅವಳ ಕೈಯಿಂದ ಬಿದ್ದಿತ್ತೋ ಇಲ್ಲವೋ ಅವಳಿಗೇ ನೆನಪಿರಲಿಲ್ಲ. ಕೇಳಿ ಕೇಳಿ ಬಿದ್ದದ್ದೇ ನಿಜವಾಯಿತು. ನಾನು ಕಣ್ಣು ಬಿಡುವ ಹೊತ್ತಿಗೆ ಅವಳು ಯಾವ ಆಟಿಕೆಯನ್ನೂ ಕಿವಿಗೆ ಹಿಡಿಯದ ಹುಡುಗಿಯಾಗಿದ್ದಳು. ಚುಕ್ಕಿ ಇಡುವಳು, ಸಾಲಾಗಿ ಜೋಡಿಸುವಳು, ಯಾರಾದರೂ ‘ಇದನ್ನ ಒಸಿ ನೋಡು’ ಎಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಳು. ಮಾವ ಆಮೇಲೆ ಬಂದದ್ದು ಎರಡೋ ಮೂರೋ ಸಲ. ‘ಅಳಿಯನಿಗೆ ಅಂತ ಅಂಗೇ ಮಡಗಿದ್ದೀವಪ್ಪ’ ಎಂದು ಅಜ್ಜಿ ಹೇಳುವಳು. ಮುರಿದಿದೆ ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಯಾರೂ ಕೇಳದ್ದರಿಂದ ಒಳಗೇನಿದೆ ಎಂದು ತನಗೆ ಗೊತ್ತಿದ್ದದ್ದನ್ನು ಅವನೂ ಹೇಳಲಿಲ್ಲ.

ನನಗೆ ಆ ಎಂಜಿನ್ನು ಬೇಕಿತ್ತು. ಮುರಿದದ್ದಾದರೂ ಸರಿ. ನಮ್ಮ ಮನೆಯ ಹಿಂದಿನಿಂದ ಹೊಲ ದಾಟಿ ಮೈಸೂರಿನ ರೈಲು ಹೋಗುತ್ತಿತ್ತು, ಆ ಕೂಗಿಗೆ ನಾನು ಏಳುತ್ತಿದ್ದೆ, ಆ ಕೂಗಿಗೇ ಮಲಗುತ್ತಿದ್ದೆ. ಬೀರುವಿನ ಗಾಜಿಗೆ ಮೂಗು ಒತ್ತಿ ನಿಂತು ಆ ಚಿತ್ರದ ಗಾಲಿಗಳನ್ನು ಎಣಿಸುತ್ತಿದ್ದೆ. ಒಂದು ದಿನ ಲೇತಿನ ಪಕ್ಕ ಹೋಗಿ ನಿಂತು ಕೇಳಿಯೇ ಬಿಟ್ಟೆ.

‘ಅಪ್ಪ, ಆ ಡಬ್ಬ ಯಾರ್ದು?’

‘ನಿಮ್ಮಾವ ಗಂಡು ಮಗೀಗೆ ಅಂತ ಕೊಟ್ಟಿದ್ದು ಕಣವ್ವ.’

‘ಗಂಡು ಮಗ ಇಲ್ವಲ್ಲ.’

ಮಾತಿಗಾಗಿ ಲೇತು ನಿಲ್ಲಿಸುವವನಲ್ಲ ಅಪ್ಪ. ಅವತ್ತು ನಿಲ್ಲಿಸಿದ. ಮೀಸೆಯ ಮೇಲಿನ ಹೊಟ್ಟು ಒರೆಸಿಕೊಂಡ.

‘ಮುರ್ದೋಗೈತಲ್ಲ ಮಗಾ ಅದು.’

‘ಮುರಿದಿರೋದನ್ನ ನೀನು ದಿನಾ ಸರಿ ಮಾಡ್ತೀಯಲ್ಲ. ಇದನ್ನ ಯಾಕೆ ತೆಗ್ಯಲ್ಲ?’

‘ಮುಚ್ಚಿರೋಗಂಟ ನಿಮ್ಮಕ್ಕನಿಗೆ ಬರೀ ಅನುಮಾನ. ತೆಗೆದ್ರೆ ಕಣ್ಣಿಗೆ ಕಾಣ್ತದೆ. ಆಮೇಲೆ ಅವಳು ಏನು ಮಾಡ್ಬೇಕು, ಏಳು?’

ಆದರೂ ಜಯಕ್ಕನ ಹತ್ತಿರ ಹೋದೆ. ಅವಳು ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ತೆಗೆಯೋಣ ಅಕ್ಕ ಎಂದೆ. ‘ಒಳಗೇನೈತೆ ಅಂತ ನಂಗೆ ಗೊತ್ತು, ನೀನು ನೋಡೋದು ಬ್ಯಾಡ’ ಎಂದು ನನ್ನ ಮುಖಕ್ಕೆ ಸೋಪಿನ ನೀರು ಚಿಮುಕಿಸಿದಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ.

ನನಗೆ ಒಂಬತ್ತು ನಡೆಯುತ್ತಿದ್ದ ವರ್ಷ ಅಮ್ಮ, ಮಾಗಡಿಯ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೊರಟಳು. ಅಪ್ಪನೇ ಬಸ್ಸು ಹತ್ತಿಸಿ ತಾನೂ ಹತ್ತಿದ. ಅವರು ಹೋದದ್ದು ಮಾಗಡಿಗಲ್ಲ, ರಾಮನಗರದ ಆಸ್ಪತ್ರೆಗೆ. ಅಮ್ಮ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡು ಬಂದಳು. ನಾನು ಹುಟ್ಟಿದ ಮೇಲೆ ಹೊತ್ತ ಎರಡು ಬಸಿರು ನಿಂತಿರಲಿಲ್ಲ, ಅವಳು ಕಡ್ಡಿಯಾಗಿದ್ದಳು. ಬಗ್ಗಿ ಕಸ ಗುಡಿಸಲಾಗದೆ ಗೋಡೆ ಹಿಡಿದುಕೊಂಡದ್ದನ್ನು ನೋಡಿ ಅಜ್ಜಿಗೆ ಗೊತ್ತಾಯಿತು. ಆ ದಿನ ನಮ್ಮ ಮನೆಯಲ್ಲಿ ನಡೆದ ಜಗಳ ಬೀದಿಯ ಕೊನೆಯವರೆಗೂ ಕೇಳಿಸಿರಬೇಕು, ಆದರೆ ಅಮ್ಮ ಅಂದದ್ದು ಒಂದೇ ಮಾತು.

‘ಮಗೀಗೆ ಸಾಕಮ್ಮ ಅಂತ ಹೆಸರಿಟ್ಟೋರು ನೀವೇ ಅಲ್ವಾ ಅತ್ತೆ? ನೀವು ದೇವರಿಗೆ ಹೇಳಿದ್ರಿ, ನಾನು ಡಾಕ್ಟ್ರಿಗೆ ಹೇಳ್ದೆ.’

ಅಜ್ಜಿ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅಮ್ಮನೇ ಬಿಸಿ ಮುದ್ದೆ, ಉಪ್ಪುಸಾರು ಮುಂದೆ ತಂದಿಟ್ಟು ಒಳಗೆ ಹೋದಳು. ತಟ್ಟೆ ಖಾಲಿಯಾಯಿತು, ಮಾತು ಬರಲಿಲ್ಲ. ಜಗಲಿಯಲ್ಲಿ ಅಲ್ಲಾಡಿಸುವ ಕೆಲಸ ಮಾತ್ರ ನಡೆದೇ ಇತ್ತು. ಆ ವಾರ ಎಡಗಡೆಯ ರಾಶಿ ಯಾಕೋ ದೊಡ್ಡದಾಗಿತ್ತು. ಅಪ್ಪ ಅದನ್ನೆಲ್ಲ ಬಾಯಿ ಮುಚ್ಚಿಕೊಂಡು ಒಳಗೆ ತಂದು, ಮತ್ತೆ ಕೇಳಿ, ಏನೂ ಕೊರತೆ ಕಾಣದೆ ಮಾರನೆಯ ದಿನದ ಬುಟ್ಟಿಗೆ ಹಾಕುತ್ತಿದ್ದ.

ಆಯುಧಪೂಜೆ ಬಂತು. ವರ್ಷಕ್ಕೊಂದು ದಿನ ನಮ್ಮ ಮನೆ ಸದ್ದಿಲ್ಲದೆ ಇರುತ್ತಿದ್ದದ್ದು ಆಗಲೇ. ಲೇತನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಉಳಿಗಳನ್ನೆಲ್ಲ ಬಾಳೆ ಎಲೆಯ ಮೇಲೆ ಮಲಗಿಸಿದರೆ ಮಾರನೆಯ ಬೆಳಗಿನವರೆಗೂ ಯಾರೂ ಮುಟ್ಟುವಂತಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಅಪ್ಪ ಪುರಿ ಕಡಲೆ ಹಂಚುತ್ತ ಓಡಾಡುವನು. ಪ್ರತಿ ವರ್ಷ ಅಜ್ಜಿ ಆ ಡಬ್ಬವನ್ನೂ ಬೀರುವಿನಿಂದ ಇಳಿಸಿ, ಉಳಿಗಳ ಪಕ್ಕ ಇಟ್ಟು, ಗಾಜಿನ ಕಾಗದದ ಮೇಲೆ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಆ ವರ್ಷ ಬೊಟ್ಟು ಇಡಲಿಲ್ಲ. ಹಳೆಯ ಬೊಟ್ಟುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಡಬ್ಬವನ್ನು ಹೊಸ ಟವಲಿನಲ್ಲಿ ಸುತ್ತತೊಡಗಿದಳು.

‘ನಾಳೆ ಹತ್ತು ಗಂಟೆ ಬಸ್ಸಿಗೆ ಕನಕಪುರದಿಂದ ನಿಮ್ಮತ್ತೆ ಬತ್ತಾಳೆ. ಅವಳ ಮಗ ಸೀನನಿಗೆ ಕೊಟ್ಬುಡ್ತೀನಿ. ಈ ಮನೇಲಿ ಇದನ್ನ ಆಡೋರು ಇನ್ನೆಲ್ಲವ್ರೆ?’

‘ನಾನಿಲ್ವಾ?’ ಎಂದೆ. ಜೋರಾಗಿಯೇ ಅಂದಿರಬೇಕು, ಹೊರಗೆ ಪುರಿ ಇಸಿದುಕೊಳ್ಳುತ್ತಿದ್ದ ಮಕ್ಕಳು ತಿರುಗಿ ನೋಡಿದರು.

‘ನೀನು ಹೆಣ್ಣುಡ್ಗಿ ಕಣೆ. ನಿಂಗ್ಯಾಕೆ ರೈಲು?’

ಅಡುಗೆಮನೆಯ ಬಾಗಿಲಲ್ಲಿ ಜಯಕ್ಕ ನಿಂತಿದ್ದಳು. ಒಬ್ಬಟ್ಟಿನ ಕಣಕ ಕೈಯಲ್ಲೇ ಇತ್ತು. ಅವಳಿಗೆ ಆಗ ಹದಿನಾರು. ಅವಳು ಅಜ್ಜಿಯ ಮುಂದೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ, ಮೆಲ್ಲಗೇ ಹೇಳಿದಳು.

‘ಇಲ್ಲೇ ತೆಗೀರಿ ಅಜ್ಜಿ.’

‘ಏನಂದೆ?’

‘ಕನಕಪುರದಲ್ಲಿ ತೆಗೆದು, ನೋಡಿ ಮುರ್ದೈತೆ, ಜಯಾ ಮುರಿದಾಕಿದ್ದು ಅಂತ ಅವರೆಲ್ಲ ಅನ್ನೋದು ಬ್ಯಾಡ. ನಮ್ಮನೇಲೇ ತೆಗೀರಿ. ಹನ್ನೆರಡು ವರ್ಷದಿಂದ ಅದರ ಮುಂದೆ ಓಡಾಡಿದೀನಿ. ಏನಾಗೈತೋ ನೋಡ್ಬುಡ್ತೀನಿ. ಇನ್ನು ನನ್ನ ಕೈಲಾಗಾಕಿಲ್ಲ.’

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅಷ್ಟು ದಿನ ನಾನು ಕೇಳಿದ್ದೆಲ್ಲ ನನಗಾಗಿ. ಆ ಡಬ್ಬದೊಳಗೆ ಅಕ್ಕ ಕೂತಿದ್ದಾಳೆ ಎಂದು ನನಗೆ ಹೊಳೆದದ್ದೇ ಆಗ. ಅಪ್ಪ ಪುರಿಯ ಮೊರವನ್ನು ಕೆಳಗಿಟ್ಟು ಅಜ್ಜಿಯ ಕೈಯಿಂದ ಡಬ್ಬ ಇಸಿದುಕೊಂಡ. ‘ಇವತ್ತು ಉಳಿ ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ, ಮೊದಲ ಕೆಲಸ ಇದೇ’ ಎಂದು ಅದನ್ನು ಲೇತಿನ ಮೇಲೆ, ಹೂವಿನ ಹಾರದ ನಡುವೆ ಇಟ್ಟ.

ವಿಜಯದಶಮಿಯ ಬೆಳಿಗ್ಗೆ ರಹಮತ್ ಚಾಚಾ ಕೂಡ ಬಂದರು, ಮುರಿದದ್ದನ್ನು ಸರಿ ಮಾಡಲು ಇಬ್ಬರ ಕೈ ಬೇಕಾದೀತು ಎಂದು ಅಪ್ಪ ಕರೆದಿದ್ದ. ಅಜ್ಜಿ ಬಾಗಿಲ ಹತ್ತಿರ ಕೂತಳು, ಅಮ್ಮ ಒಳಗೆ ಕಂಬಕ್ಕೆ ಒರಗಿ ನಿಂತಳು. ಅಪ್ಪ ಬಾಳೆ ಎಲೆಯ ಮೇಲಿಂದ ಸಣ್ಣ ಉಳಿಯೊಂದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಜಯಕ್ಕನ ಮುಂದೆ ಹಿಡಿದ. ನಾನು ಕೈ ಚಾಚಿದೆ.

‘ನೀನಲ್ಲ. ಅವಳೇ ತೆಗೀಲಿ’ ಎಂದ ಅಪ್ಪ.

ಜಯಕ್ಕ ಗಾಜಿನ ಕಾಗದವನ್ನು ಅಂಚಿನುದ್ದಕ್ಕೂ ಸೀಳಿದಳು. ಅದು ಉದುರುವ ಮೊದಲೇ ರತ್ನಕ್ಕ ಹಿಡಿದುಕೊಂಡಳು. ಆಮೇಲೆ ಒಂದು ವರ್ಷ ಅದನ್ನು ಕಣ್ಣಿಗೆ ಹಿಡಿದುಕೊಂಡೇ ಲೋಕ ನೋಡಿದಳು. ಮುಚ್ಚಳ ಎತ್ತಿದರೆ ಒಳಗೆ ಎಂಜಿನ್ನಿಲ್ಲ. ಕರಿ, ಹಸಿರು, ಕೆಂಪು ಪ್ಲಾಸ್ಟಿಕ್ಕಿನ ತುಂಡುಗಳು, ಡಬ್ಬದ ತುಂಬ.

‘ನೋಡಿದ್ರಾ! ಪುಡಿಪುಡಿ ಆಗೈತೆ! ನಾನು ಏಳ್ಲಿಲ್ವಾ?’ ಎಂದಳು ಅಜ್ಜಿ.

ಜಯಕ್ಕ ಉಳಿಯನ್ನು ನೆಲಕ್ಕಿಟ್ಟಳು. ಅವಳ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಅಳುವಿನ ಮುಖವಲ್ಲ, ಶಾಲೆಯಲ್ಲಿ ಹೊಡೆತಕ್ಕೆ ಕೈ ಚಾಚಿ ನಿಂತ ಮಕ್ಕಳ ಮುಖ. ಚಾಚಾ ಬಗ್ಗಿ ಒಂದು ತುಂಡನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಒಂದೇ ಕಡ್ಡಿಗೆ ಆರು ಕೆಂಪು ಗಾಲಿಗಳು ಸಾಲಾಗಿ ಅಂಟಿಕೊಂಡಿದ್ದವು. ಚಾಚಾ ಹೆಬ್ಬೆರಳಿನಿಂದ ಒಂದೊಂದರ ಅಂಚನ್ನೂ ಸವರಿದರು. ಇನ್ನೊಂದು ತುಂಡು ತೆಗೆದು ಸವರಿದರು, ಮತ್ತೊಂದು.

‘ಅರೆ, ಇದು ಮುರಿದಿದ್ದಲ್ಲ ಅಣ್ಣ. ಮುರಿದ ಅಂಚು ಬೆರಳಿಗೆ ಚುಚ್ತದೆ. ಇದು ಎಲ್ಲೂ ಚುಚ್ಚಲ್ಲ. ಒಂದೂ ಚುಚ್ಚಲ್ಲ.’

ಅಪ್ಪ ಡಬ್ಬದ ತಳದಿಂದ ಮಡಿಸಿದ ಕಾಗದವೊಂದನ್ನು ಬಿಡಿಸಿದ. ಅದರ ತುಂಬ ಚಿತ್ರಗಳು: ಈ ತುಂಡಿಗೆ ಆ ತುಂಡು, ಬಾಣದ ಗುರುತು, ಒಂದು ಎರಡು ಮೂರು ಎಂದು ನಂಬರು. ಕೊನೆಯಲ್ಲಿ ಇಡೀ ಎಂಜಿನ್ನು. ಅಕ್ಷರ ಬೇಕಿರಲಿಲ್ಲ, ಅಪ್ಪನಿಗೆ ಅಂಥದ್ದನ್ನು ಓದಲು ಬರುತ್ತಿತ್ತು. ಬಹಳ ಹೊತ್ತು ನೋಡಿದ. ಆಮೇಲೆ ಅವನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆವು, ನಗುತ್ತಿದ್ದ.

‘ಜಯಾ, ಇದು ಮುರಿದಿಲ್ಲ ಕಣವ್ವ. ಇದನ್ನ ಇನ್ನೂ ಮಾಡೇ ಇಲ್ಲ!’

‘ಮಾಡದೇ ಇರೋ ಆಟಿಕೇನ ಯಾರು ಮಾರ್ತಾರೆ?’ ಎಂದರು ಚಾಚಾ, ನಿಜವಾಗಿಯೂ ಆಶ್ಚರ್ಯದಿಂದ. ನಮ್ಮ ಬೀದಿಯಲ್ಲಿ ಅದು ಯಾರ ತಲೆಗೂ ಹೊಳೆಯುವ ಸಂಗತಿಯಾಗಿರಲಿಲ್ಲ. ಗಾಲಿ, ಗೂಟ, ಗಾಡಿಯ ಮೈ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಟ್ಟು ನೀನೇ ಜೋಡಿಸಿಕೋ ಎಂದರೆ ಗಿರಾಕಿ ಓಡಿಸಿಕೊಂಡು ಬರುತ್ತಿದ್ದ. ಹಗಲೆಲ್ಲ ಆಟಿಕೆ ಮಾಡುವ ಮನೆಗೇ, ಅದು ಮಾಡಬೇಕಾದ ಆಟಿಕೆ ಎಂದು ಹನ್ನೆರಡು ವರ್ಷ ತಿಳಿಯಲಿಲ್ಲ. ಬೇರೆ ಯಾವ ಮನೆಯಲ್ಲಾದರೂ ಆ ಸದ್ದು ಕೇಳಿ, ಒಳಗೆ ಏನೋ ಇದೆ ಎಂದು ಖುಷಿಪಡುತ್ತಿದ್ದರು.

ಜಯಕ್ಕ ನೆಲದ ಮೇಲೆ ಕೂತಳು.

‘ಮೊದಲಿಂದ್ಲೂ ಇಂಗೇ ಇತ್ತಾ ಅಪ್ಪ?’

‘ಮೊದಲಿಂದ್ಲೂ.’

‘ನಾನು ಮುಟ್ಟೋಕ್ ಮುಂಚಿಂದ್ಲೂ?’

‘ನೀನು ಹುಟ್ಟೋಕ್ ಮುಂಚಿಂದ್ಲೂ ಕಣವ್ವ.’

ಮೂರನೆಯ ಸಲವೂ ಕೇಳಿದಳು, ಅಪ್ಪ ಮೂರನೆಯ ಸಲವೂ ಹೇಳಿದ. ಆಮೇಲೆ ಅವಳು ಅತ್ತಳು, ಅಮ್ಮ ಬಂದು ಅವಳ ತಲೆಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಳು. ಅಜ್ಜಿ ಎದ್ದು ಜಗಲಿಗೆ ಹೋಗಿ, ಖಾಲಿ ಬುಟ್ಟಿಯ ಮುಂದೆ ಕೂತಳು. ಹತ್ತು ಗಂಟೆಯ ಬಸ್ಸಿಗೆ ಅತ್ತೆ ಮತ್ತು ಸೀನ ಬಂದದ್ದೂ ಅವಳಿಗೆ ಬೇಕಿರಲಿಲ್ಲ. ಸೀನ ತುಂಡುಗಳನ್ನು ನೋಡಿ, ‘ಕೀಲಿ ಕೊಟ್ರೆ ಓಡ್ತದಾ?’ ಎಂದು ಕೇಳಿದ. ಓಡಲ್ಲ ಎಂದಾಗ ಒಂದು ಬುಗುರಿ ಇಸಿದುಕೊಂಡು ಬೀದಿಗೆ ಹೋದ. ನಮ್ಮ ವಂಶದ ಗಂಡುಮಗನಿಗಾಗಿ ಕಾದಿಟ್ಟ ವಸ್ತುವಿನ ಮೇಲೆ ಒಬ್ಬ ಗಂಡುಮಗ ತೋರಿಸಿದ ಆಸೆ ಅಷ್ಟೇ.

ಜೋಡಿಸಲು ನಾಲ್ಕು ದಿನ ಹಿಡಿಯಿತು. ಡಬ್ಬದಲ್ಲಿ ಅಂಟಿನ ಪುಟ್ಟ ಟ್ಯೂಬೊಂದಿತ್ತು, ಅದು ಕಾದು ಕಾದು ಕಲ್ಲಾಗಿತ್ತು. ಜೋಪಾನವಾಗಿಟ್ಟಿದ್ದೇವೆ ಎಂದು ನಾವು ಅಂದುಕೊಂಡಿದ್ದ ಅಷ್ಟೂ ವರ್ಷ ಅದು ಒಳಗೇ ಒಣಗುತ್ತಿತ್ತು. ಅಂಟಿಲ್ಲದಿದ್ದರೆ ಏನಂತೆ, ನಮ್ಮಲ್ಲಿ ಅರಗಿಲ್ಲವೇ ಎಂದು ಅಪ್ಪ ಬಿಸಿ ಅರಗನ್ನು ಎಂಜಿನ್ನಿನ ಹೊಟ್ಟೆಯ ಎರಡು ಅರ್ಧಗಳ ನಡುವೆ ಎಳೆದ. ಬಿಸಿ ತಾಗಿದ್ದೇ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಸುರುಟಿಕೊಂಡಿತು. ಮರಕ್ಕೆ ಬಿಸಿ ಕೊಟ್ಟೇ ಬಣ್ಣ ಹತ್ತಿಸುವವನಿಗೆ ಬಿಸಿಯಿಂದ ಕೆಡುವ ಆಟಿಕೆಯೂ ಉಂಟೆಂದು ಹೇಗೆ ಗೊತ್ತಾಗಬೇಕು? ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ.

‘ಈಗ ನಿಜವಾಗ್ಲೂ ಮುರಿದೋನು ನಾನು ಕಣವ್ವ ಜಯಾ.’

ಜಯಕ್ಕ ನಕ್ಕಳು. ಬಾಯಿಗೆ ಸೆರಗು ಹಿಡಿದರೂ ನಿಲ್ಲದಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳಿಗೆ ಅಂಥ ನಗು ಉಂಟೆಂದು ನಮ್ಮ ಮನೆಗೆ ಗೊತ್ತಿರಲಿಲ್ಲ. ಅಪ್ಪ ಒಂದು ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಕಾಗದದ ಚಿತ್ರದ ಅಳತೆಗೆ ಹೊಸ ಹೊಟ್ಟೆಯನ್ನೇ ತಿರುವಿದ. ಬಣ್ಣ ಹಾಕುವಾಗ ಸುತ್ತ ನೋಡಿ ನನ್ನನ್ನು ಕರೆದು, ಕೆಂಪು ಅರಗಿನ ಕಡ್ಡಿಯನ್ನು ನನ್ನ ಕೈಗಿಟ್ಟು, ನನ್ನ ಕೈ ಮೇಲೆ ತನ್ನ ಕೈಯಿಟ್ಟ. ‘ಒತ್ಬ್ಯಾಡ, ಮುಟ್ಟು ಸಾಕು’ ಎಂದ. ತಿರುಗುವ ಬಿಳಿ ಮರದ ಮೇಲೆ ಕೆಂಪು ಹರಡುತ್ತ ಹೋಯಿತು, ಅರಗಿನ ವಾಸನೆ ಎದ್ದಿತು, ನಡುಮನೆಯ ಬಲ್ಬು ಮಂಕಾಯಿತು. ಲೇತಿನ ಮುಂದೆ ಕೂತ ಹುಡುಗಿಯನ್ನು ಬೀದಿಯವರು ಇಣುಕಿ ನೋಡಿದರು. ಅವತ್ತು ಕೂತವಳು ಇವತ್ತಿಗೂ ಎದ್ದಿಲ್ಲ. ನನ್ನ ಶೆಡ್ಡಿನಲ್ಲಿ ಈಗ ಹನ್ನೊಂದು ಹೆಂಗಸರು ಲೇತು ತಿರುಗಿಸುತ್ತಾರೆ, ಬೆಂಗಳೂರಿನ ಆ ಯುವಕನಿಗೆ ಅದನ್ನೂ ತೋರಿಸಿದೆ. ಅವನು ಖಾಲಿ ಡಬ್ಬವನ್ನೇ ನೋಡುತ್ತಿದ್ದ, ಪಾಪ.

ಉಳಿದ ತುಂಡುಗಳಿಗೆ ಚಾಚಾ ಸೈಕಲ್ ಅಂಗಡಿಯಿಂದ ಪಂಕ್ಚರ್ ಹಾಕುವ ಸೊಲ್ಯೂಷನ್ ತಂದರು. ಅದು ಹಿಡಿಯದ ಕಡೆ ಬಿದಿರಿನ ಸಣ್ಣ ಗೂಟ. ನಾಲ್ಕನೆಯ ಸಂಜೆ ಎಂಜಿನ್ನು ನಿಂತಿತು: ಹಸಿರು ಮೈ, ಮರದ ಕೆಂಪು ಹೊಟ್ಟೆ, ತಿರುಗುವ ಆರು ಗಾಲಿ. ಅಪ್ಪ ಅದನ್ನು ಆ ದಿನದ ಕುದುರೆ, ಗಾಡಿಗಳ ಜೊತೆ ಬುಟ್ಟಿಯಲ್ಲಿಟ್ಟು, ಎಂದಿನಂತೆ ಜಗಲಿಗೆ ತಂದು ಅಜ್ಜಿಯ ಮುಂದಿಟ್ಟ. ನಾವೆಲ್ಲ ಹಿಂದೆ ನಿಂತೆವು. ಡಬ್ಬ ತೆರೆದಾಗಿನಿಂದ ಅಜ್ಜಿ ಜಯಕ್ಕನ ಮುಖ ನೋಡಿರಲಿಲ್ಲ. ಬುಟ್ಟಿಯೊಳಗೆ ಕೈಯಾಡಿಸಿ ಎಂಜಿನನ್ನೇ ಎತ್ತಿಕೊಂಡಳು, ಮಂಜುಗಣ್ಣಿನ ಹತ್ತಿರ ಹಿಡಿದಳು, ಕೆಂಪು ಹೊಟ್ಟೆಯನ್ನು ಸವರಿದಳು. ಕಿವಿಯತ್ತ ಒಯ್ದ ಕೈ ಅರ್ಧದಲ್ಲೇ ನಿಂತಿತು.

‘ಜಯಾ, ಬಾ ಇಲ್ಲಿ. ಕುಂತ್ಕೊ.’

ಜಯಕ್ಕ ಹೋಗಿ ಪಕ್ಕದಲ್ಲಿ ಕೂತಳು.

‘ನನ್ನ ಕಿವಿ ಒಂದ್ಸಲ ತಪ್ಪೈತೆ ಕಣವ್ವ. ತಪ್ಪಿದ್ ಕಿವೀನ ನಂಬಬಾರ್ದು. ಇನ್ಮೇಲೆ ನೀನೇ ಕೇಳು.’

ಎಂಜಿನನ್ನು ಅವಳ ಮಡಿಲಿಗಿಟ್ಟಳು. ಲೇತು ನಿಂತಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಎರಡು ಸಲ ಅಲ್ಲಾಡಿಸಿದಳು.

‘ಸದ್ದಿಲ್ಲ ಅಜ್ಜಿ’ ಎಂದು, ಅದನ್ನು ತನ್ನ ಬಲಕ್ಕೆ ಇಟ್ಟಳು.